ರೊಟ್ಟಿ ಕಟ್ಟೆಗೆ 29 ಇಂಚು

8 ಜೂನ್ 2025, ಭಾನುವಾರ
ದಾವಣಗೆರೆ

ಬೆಳಿಗ್ಗೆ ಹೊಸ ಅಡುಗೆಮನೆಯಲ್ಲಿ ಹಾಲು ಉಕ್ಕಿತು. ಪೂಜೆ ಮುಗಿದದ್ದೇ ತಡ, ಅಮ್ಮ ಬಿಸಿನೀರಿಗೆ ಜೋಳದ ಹಿಟ್ಟು ಸುರಿದು ನಾದತೊಡಗಿದರು. ಎರಡೂವರೆ ತಿಂಗಳು ವರಾಂಡದ ಮೂಲೆಯಲ್ಲಿ ಒಲೆ ಇಟ್ಟುಕೊಂಡು ಅನ್ನ ಸಾರಿನಲ್ಲೇ ದಿನ ತಳ್ಳಿದ್ದೇವೆ. ಮೊದಲ ರೊಟ್ಟಿ ಬಡಿಯುವ ಸದ್ದು ಕೇಳಿದಾಗ ಮೈ ಜುಮ್ಮೆಂದಿತು.

ನಾನು ನೋಡುತ್ತಿದ್ದುದು ರೊಟ್ಟಿಯನ್ನಲ್ಲ, ಅಮ್ಮನ ಭುಜಗಳನ್ನು. ಹಳೆಯ ಕಟ್ಟೆಯ ಮುಂದೆ ನಿಂತರೆ ಅವು ಕಿವಿಯ ಹತ್ತಿರಕ್ಕೆ ಏರುತ್ತಿದ್ದವು, ಮೂರನೆಯ ರೊಟ್ಟಿಗೆ ಒಮ್ಮೆ ಕೈ ಒದರಿಕೊಳ್ಳುತ್ತಿದ್ದರು. ಇಂದು ಹನ್ನೊಂದು ರೊಟ್ಟಿ ಬಡಿದರು, ಭುಜಗಳು ಇದ್ದಲ್ಲೇ ಇದ್ದವು.

ಇದು ನಮ್ಮ ಒಳಾಂಗಣ ವಿನ್ಯಾಸಕಿಯ ಕೆಲಸ. ಮೊದಲ ದಿನ ಅವರು ಬಂದಾಗ ಬಣ್ಣದ ಪುಸ್ತಕ, ಲ್ಯಾಮಿನೇಟ್ ತುಂಡುಗಳನ್ನು ತರುತ್ತಾರೆಂದು ಕಾದಿದ್ದೆ. ಅವರು ತಂದದ್ದು ಅಳತೆಯ ಟೇಪು ಮತ್ತು ಒಂದು ನೋಟುಪುಸ್ತಕ. "ಅಮ್ಮ, ದಿನಾ ಮಾಡುವ ಹಾಗೆ ರೊಟ್ಟಿ ಮಾಡಿ, ನಾನು ನೋಡುತ್ತೇನೆ" ಎಂದರು. ಅಮ್ಮ ಕೈ ಬಾಗಿಸಿ ನಿಂತಾಗ ನೆಲದಿಂದ ಮೊಣಕೈವರೆಗೆ ಟೇಪು ಹಿಡಿದರು: 36 ಇಂಚು. ಕಟ್ಟೆ 34 ಇಂಚು. ತರಕಾರಿ ಹೆಚ್ಚಲು ಆ ಎತ್ತರ ಹೇಗೋ ಸಾಗುತ್ತದೆ, ರೊಟ್ಟಿ ಬಡಿಯುವುದು ಮೈಭಾರ ಹಾಕಿ ಮಾಡುವ ಕೆಲಸ, ಅದಕ್ಕೆ ಕಟ್ಟೆ ಮೊಣಕೈಗಿಂತ ಸಾಕಷ್ಟು ಕೆಳಗಿರಬೇಕು ಎಂದು ವಿವರಿಸಿದರು. ಹಾಗಾಗಿ ಒಲೆಯ ಎಡಕ್ಕೆ ಮೂರು ಅಡಿ ಉದ್ದದ ಕಟ್ಟೆಯನ್ನು ಮಾತ್ರ 29 ಇಂಚಿಗೆ ಇಳಿಸಿದ್ದಾರೆ. ಈ ಮನೆ ಕಟ್ಟಿದ್ದು 1994ರಲ್ಲಿ. 31 ವರ್ಷ ಅಮ್ಮ ಭುಜನೋವು ಎಂದಾಗಲೆಲ್ಲ ಮುಲಾಮು ತಂದುಕೊಟ್ಟೆವು. ಕಟ್ಟೆಯನ್ನು ಯಾರೂ ಅಳೆಯಲಿಲ್ಲ.

ಎರಡನೆಯ ಭೇಟಿಯಲ್ಲಿ ಅಮ್ಮನ ರಂಗೋಲಿ ಪುಡಿ ಕೇಳಿ ಪಡೆದು, ನಡುಮನೆಯ ನೆಲದ ಮೇಲೆ ಇಡೀ ಅಡುಗೆಮನೆಯನ್ನು ನಿಜ ಅಳತೆಯಲ್ಲಿ ಬರೆದರು. ಇಲ್ಲಿ ಒಲೆ, ಇಲ್ಲಿ ಸಿಂಕು, ಇಲ್ಲಿ ಫ್ರಿಜ್, ಇದು ಫ್ರಿಜ್ಜಿನ ಬಾಗಿಲು ತೆರೆದುಕೊಳ್ಳುವ ಅರ್ಧವೃತ್ತ. ಅಮ್ಮ ಖಾಲಿ ಪಾತ್ರೆ ಹಿಡಿದು ಆ ಗೆರೆಗಳ ನಡುವೆ ಓಡಾಡಿದರು. ಹಿತ್ತಲ ಬಾಗಿಲೂ ಫ್ರಿಜ್ಜಿನ ಬಾಗಿಲೂ ಒಂದಕ್ಕೊಂದು ಬಡಿಯುತ್ತವೆ ಎಂಬುದು ಆಗ ಕಣ್ಣಿಗೆ ಬಿತ್ತು. ಒರೆಸಿದರು, ಫ್ರಿಜ್ಜನ್ನು ಎದುರು ಗೋಡೆಗೆ ಸರಿಸಿ ಮತ್ತೆ ಬರೆದರು. ತಪ್ಪು ತಿದ್ದಲು ಖರ್ಚಾದದ್ದು ಒಂದು ಹಿಡಿ ರಂಗೋಲಿ ಪುಡಿ.

2018ರಲ್ಲಿ ಮಹಡಿಯ ಕೋಣೆಗಳನ್ನು ಯಾರನ್ನೂ ಕೇಳದೆ ಮಾಡಿಸಿದ್ದೆವು. ಕಪಾಟು ಕೂರಿಸಿದ ಮೇಲೆ ಸ್ವಿಚ್‌ಬೋರ್ಡ್ ಅದರ ಹಿಂದೆ ಸಿಕ್ಕಿಕೊಂಡಿತು. ಸಿಂಕಿನ ಕೆಳಗಿನ ಪ್ಲೈವುಡ್ ಎರಡನೆಯ ಮಳೆಗಾಲಕ್ಕೆ ಹಪ್ಪಳದ ಹಾಗೆ ಉಬ್ಬಿತು. ಆ ದುಃಖ ಇನ್ನೂ ಇದೆ, ಏಕೆಂದರೆ ಅದು ಅಪ್ಪನ ನಿವೃತ್ತಿಯ ಹಣ. ಈ ಬಾರಿ ವಿನ್ಯಾಸಕಿ ನಮ್ಮನ್ನೇ ಅಂಗಡಿಗೆ ಕರೆದುಕೊಂಡು ಹೋಗಿ ಹಲಗೆಯ ಮೇಲಿನ ಮುದ್ರೆ ಓದಿಸಿದರು. ಐಎಸ್ ಎಂದರೆ ಭಾರತೀಯ ಮಾನಕ, ಐಎಸ್ 303 ಸಾಮಾನ್ಯ ಬಳಕೆಯದು, ಕೋಣೆಯ ಕಪಾಟಿಗೆ ಸಾಕು. ನೀರು ತಾಗುವ ಕಡೆ ಐಎಸ್ 710 ಬೇಕು. ಅದರ ಅಂಟನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸುತ್ತಾರೆ. ಎಲ್ಲ ಕಡೆಗೂ ದುಬಾರಿಯದನ್ನೇ ಹಾಕಿಸಲಿಲ್ಲ, ಅದು ನನಗೆ ಬಹಳ ಹಿಡಿಸಿತು.

"ಮೇಸ್ತ್ರಿ ಇದ್ದಾರೆ, ಬಡಗಿ ಇದ್ದಾರೆ, ಇವರಿಗೇಕೆ 55 ಸಾವಿರ?" ಎಂದು ಸೋದರಮಾವ ಮುನಿಸಿಕೊಂಡಿದ್ದರು. ಪ್ಲೈವುಡ್ ಹಲಗೆ ಬರುವುದು 8 ಅಡಿಗೆ 4 ಅಡಿ. ಯಾವ ಹಲಗೆಯಿಂದ ಯಾವ ತುಂಡು ಎಂದು ವಿನ್ಯಾಸಕಿ ಕಾಗದದ ಮೇಲೆ ಮೊದಲೇ ಗೆರೆ ಹಾಕಿಕೊಟ್ಟರು. ಬಡಗಿ 22 ಹಲಗೆ ಬೇಕೆಂದಿದ್ದ ಕೆಲಸ 17ರಲ್ಲಿ ಮುಗಿಯಿತು. ಬಡಗಿಯೇ ಆ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡರು. ಶುಲ್ಕವೆಲ್ಲ ಇದರಲ್ಲೇ ಹುಟ್ಟಿತು ಎಂದು ಹೇಳಲಾರೆ, ಆದರೆ ಮಾವ ಈಗ ಆ ಮಾತು ಎತ್ತುವುದಿಲ್ಲ.

ಗೋಡೆಯ ವಿಷಯ ಇನ್ನೂ ದೊಡ್ಡದು. ಅಡುಗೆಮನೆಗೂ ಊಟದ ಜಾಗಕ್ಕೂ ನಡುವಿನ ಗೋಡೆಯನ್ನು ಅರ್ಧ ದಿನದಲ್ಲಿ ಕೆಡವುತ್ತೇನೆ ಎಂದು ಮೇಸ್ತ್ರಿ ಹಾರೆ ಹಿಡಿದು ನಿಂತಿದ್ದರು. ವಿನ್ಯಾಸಕಿ ತಡೆದರು. ಅದು 9 ಇಂಚಿನ ಗೋಡೆ, ಮೇಲಿನ ಸ್ಲ್ಯಾಬಿನ ಭಾರ ಹೊತ್ತಿರಬಹುದು, ಇದನ್ನು ನಾನು ಹೇಳುವ ಹಾಗಿಲ್ಲ, ಸ್ಟ್ರಕ್ಚರಲ್ ಎಂಜಿನಿಯರ್ ನೋಡಲಿ ಎಂದರು. ಎಂಜಿನಿಯರ್ ಬಂದು ನೋಡಿ, ಭಾರ ಹೊತ್ತ ಗೋಡೆಯೇ ಎಂದು ಹೇಳಿದರು. ಮೂರು ಅಡಿಯ ಕಿಂಡಿ ತೆರೆದು ಮೇಲಿನ ಭಾರ ಹೊರಲು ಲಿಂಟಲ್, ಅಂದರೆ ಅಡ್ಡ ತೊಲೆ, ಕೊಟ್ಟೆವು. ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವವರ ಮೇಲೆ ನಂಬಿಕೆ ಹುಟ್ಟುವುದು ಇಂಥ ಗಳಿಗೆಯಲ್ಲಿ.

ವಿನ್ಯಾಸಕಿಯ ಎಲ್ಲ ಮಾತನ್ನೂ ನಾವು ಒಪ್ಪಲಿಲ್ಲ. ಎಲ್ಲವೂ ಬಾಗಿಲ ಹಿಂದೆ ಮರೆಯಾಗಬೇಕೆಂಬುದು ಅವರ ಆಸೆ. ಮಂಡಕ್ಕಿ ಡಬ್ಬಕ್ಕೆ ನಕ್ಷೆಯಲ್ಲಿ ಜಾಗವೇ ಇರಲಿಲ್ಲ! ದಾವಣಗೆರೆಯ ಮನೆಯಲ್ಲಿ ಸಂಜೆ ಯಾರು ಬಂದರೂ ಮೊದಲು ಕೈ ಹೋಗುವುದು ಅದಕ್ಕೇ. ಅಮ್ಮ ಪಟ್ಟು ಹಿಡಿದರು. ವಿನ್ಯಾಸಕಿ ನಕ್ಷೆ ಬದಲಿಸಿ ಬಾಗಿಲಿಲ್ಲದ ಗೂಡು ಮಾಡಿಕೊಟ್ಟರು.

ದೀಪದ ಬಗ್ಗೆ ಒಂದು ಮಾತು. ಹಳೆಯ ಟ್ಯೂಬ್‌ಲೈಟ್ ಅಮ್ಮನ ಬೆನ್ನ ಹಿಂದೆ ಇತ್ತು, ಅವರ ನೆರಳೇ ಈಳಿಗೆಯ ಮೇಲೆ ಬೀಳುತ್ತಿತ್ತು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆದವರು ಆ ನೆರಳಿನಲ್ಲಿ ಸೊಪ್ಪು ಸೋಸುತ್ತಿದ್ದರು. ಈಗ ಮೇಲಿನ ಕಪಾಟಿನ ಅಡಿಯಲ್ಲಿ ತೀರ ಹಳದಿಯೂ ಅಲ್ಲದ, ತೀರ ನೀಲಿಯೂ ಅಲ್ಲದ 4000 ಕೆಲ್ವಿನ್‌ ಬಿಳಿ ಬೆಳಕಿನ ಎಲ್ಇಡಿ ಪಟ್ಟಿ ಇದೆ, ಬೆಳಕು ಬೇಕಾದಲ್ಲೇ ಬೀಳುತ್ತದೆ.

ಮನೆ ರಿಪೇರಿಗೆ ಹೊರಟಿರುವ ಗೆಳತಿ ಮಧ್ಯಾಹ್ನ ಫೋನ್ ಮಾಡಿ, ಒಳ್ಳೆಯವರನ್ನು ಹುಡುಕುವುದು ಹೇಗೆ ಎಂದು ಕೇಳಿದಳು. ವಾಸ್ತುಶಿಲ್ಪಿ ಎಂದು ಕರೆದುಕೊಳ್ಳಲು 1972ರ ಕಾಯ್ದೆಯ ಪ್ರಕಾರ ನೋಂದಣಿ ಬೇಕು, ಒಳಾಂಗಣ ವಿನ್ಯಾಸಕರಿಗೆ ಅಂಥ ಕಟ್ಟಳೆ ಇಲ್ಲ. ಆದ್ದರಿಂದ ಫೋಟೊ ನೋಡಿ ಮರುಳಾಗಬೇಡ, ಅವರು ಮಾಡಿಕೊಟ್ಟು ಎರಡು ವರ್ಷವಾದ ಮನೆಗೆ ಹೋಗಿ ಸಿಂಕಿನ ಕೆಳಗಿನ ಬಾಗಿಲು ತೆರೆದು ನೋಡು ಎಂದೆ. ನಾವು ಎರಡು ಮನೆಗಳಲ್ಲಿ ಹಾಗೆಯೇ ನೋಡಿದ್ದೆವು.

ಕೆಳಗಿನ ಒಂದು ಡ್ರಾಯರ್ ಇನ್ನೂ ಉಜ್ಜುತ್ತದೆ. ನಾಳೆ ಹತ್ತು ಗಂಟೆಗೆ ಬಡಗಿಯೂ ವಿನ್ಯಾಸಕಿಯೂ ಬರುತ್ತಾರೆ, ಕೊನೆಯ ಕಂತು ಕೊಡಬೇಕು. ಅಮ್ಮ ಅವರಿಗೆಂದು ಆರು ರೊಟ್ಟಿಯನ್ನು ಬಿಳಿಯ ಬಟ್ಟೆಯಲ್ಲಿ ಸುತ್ತಿ, ಶೇಂಗಾ ಚಟ್ನಿಪುಡಿಯ ಜೊತೆ ಗೂಡಿನಲ್ಲಿಟ್ಟಿದ್ದಾರೆ, ಮಂಡಕ್ಕಿ ಡಬ್ಬದ ಪಕ್ಕದಲ್ಲಿ.