ಅಲಬಾಮಾದ ಬಿಲ್ಲಿಗೆ ಬದಿಯಡ್ಕದ ಕೆಂಪು ಶಾಯಿ

ಲಾಟರಿ ಅಂದ್ರೆ ಎಂತ ಅಂತ ಕಾಸರಗೋಡಿನವರಿಗೆ ನಾನು ಹೇಳಿಕೊಡ್ಬೇಕಾ ಮಾರಾಯ್ರೆ, ಬಸ್‌ಸ್ಟ್ಯಾಂಡಲ್ಲಿ ಇಳಿದ ಕೂಡ್ಲೇ "ನಾಳೆಯಾಣ್ ನಾಳೆಯಾಣ್", ಅಂದ್ರೆ ಡ್ರಾ ನಾಳೆಯೇ ಅಂತ ಮಲಯಾಳದಲ್ಲಿ ಕೂಗುವುದು ಕಿವಿಗೆ ಬಿದ್ದೇ ದೊಡ್ಡವರಾದವರು ನಾವೆಲ್ಲ. ಆದ್ರೆ ಲಾಟರಿಯೇ ಇಲ್ಲದ ರಾಜ್ಯಕ್ಕೆ ಬಂದು ಕೂತಿದ್ದೇನೆ ನಾನು. ಅಮೆರಿಕದಲ್ಲಿ 50 ರಾಜ್ಯ ಉಂಟಲ್ಲ, ಅದರಲ್ಲಿ ಐದಕ್ಕೆ ಮಾತ್ರ ಸರ್ಕಾರಿ ಲಾಟರಿ ಇಲ್ಲ: ಅಲಾಸ್ಕ, ಹವಾಯಿ, ಯೂಟಾ, ನೆವಾಡ, ಮತ್ತೆ ನಮ್ಮ ಅಲಬಾಮಾ. ನೆವಾಡ ಅಂದ್ರೆ ಲಾಸ್ ವೇಗಸ್ ಇರುವ ರಾಜ್ಯ, ಅಲ್ಲಿ ಲಾಟರಿ ಇಲ್ಲ ಅಂದ್ರೆ ನಂಬ್ಲಿಕ್ಕೆ ನನಗೂ ಸ್ವಲ್ಪ ಹೊತ್ತು ಹಿಡೀತು.

ನಾವಿರುವುದು ಹಂಟ್ಸ್‌ವಿಲ್, ರಾಜ್ಯದ ಉತ್ತರದ ತುದಿ. ಅರ್ಧ ಗಂಟೆ ಕಾರು ಬಿಟ್ರೆ ಆರ್ಡ್‌ಮೋರ್ ಅಂತ ಒಂದು ಸಣ್ಣ ಊರು, ಊರಿನ ಮಧ್ಯದಲ್ಲೇ ಗಡಿ ಹೋಗ್ತದೆ, ಈಚೆ ಅಲಬಾಮಾ, ಆಚೆ ಟೆನೆಸ್ಸಿ. ಟೆನೆಸ್ಸಿಯಲ್ಲಿ 2004ರಿಂದ ಲಾಟರಿ ಉಂಟು. ಜಾಕ್‌ಪಾಟ್ ದೊಡ್ಡದಾದಾಗ ನಮ್ಮ ಆಫೀಸಲ್ಲಿ ತಲಾ ಐದು ಡಾಲರ್ ಒಟ್ಟು ಮಾಡ್ತಾರೆ, ಒಬ್ಬ ಲಂಚ್ ಟೈಮಲ್ಲಿ ಹೋಗಿ ಟಿಕೆಟ್ ತರುವುದು. ಒಂದು ಸಲ ನಾನೇ ಹೋದೆ. ಪೆಟ್ರೋಲ್ ಬಂಕಿನ ಅಂಗಳದಲ್ಲಿ ನಿಂತ ಗಾಡಿಗಳ ನಂಬರ್ ಪ್ಲೇಟ್ ನೋಡಿದ್ರೆ ಹೆಚ್ಚಿನವು ಅಲಬಾಮಾದ್ದೇ, ಒಬ್ಬ ಮುದುಕ ಪಿಕಪ್‌ನ ಬಾನೆಟ್ ಮೇಲೆ ಸ್ಕ್ರ್ಯಾಚ್ ಟಿಕೆಟ್ ಇಟ್ಟು ನಾಣ್ಯದಲ್ಲಿ ಕೆರೆದು ಕೆರೆದು ಪುಡಿಯನ್ನು ಊದ್ತಾ ಇದ್ದ. ನನಗೆ ಅಲ್ಲಿ ನಿಂತಲ್ಲೇ ಕರ್ನಾಟಕ-ಕೇರಳ ಗಡಿಯ ತಲಪಾಡಿ ನೆನಪಾಯ್ತು. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಲ್ಲಿಸಿದ ಮೇಲೆ ತೊಕ್ಕೊಟ್ಟಿನ ನಮ್ಮ ಭಾವ ಆದಿತ್ಯವಾರ ಬೈಕ್ ತಗೊಂಡು ತಲಪಾಡಿ ದಾಟಿ ಕುಂಜತ್ತೂರಿಗೆ ಬಂದು ಟಿಕೆಟ್ ತಗೊಂಡು ಹೋಗ್ತಾರೆ, ನಮ್ಮವರು ಪೆಟ್ರೋಲ್ ಹಾಕ್ಲಿಕ್ಕೆ ಆಚೆ ಹೋಗ್ತಾರೆ. ಗಡಿಯಲ್ಲಿ ಹುಟ್ಟಿದವರಿಗೆ ಕಾನೂನು ಅಂದ್ರೆ ಎಷ್ಟು ಕಿಲೋಮೀಟರ್ ಅಂತ ಲೆಕ್ಕ.

ಈಗ ವಿಷಯಕ್ಕೆ ಬರ್ತೇನೆ. ಮಗಳು ಹತ್ತನೇ ಕ್ಲಾಸು. ಇಲ್ಲಿ ವೈಎಂಸಿಎಯವರದ್ದು ಯೂತ್ ಇನ್ ಗವರ್ನಮೆಂಟ್ ಅಂತ ಒಂದು ಕಾರ್ಯಕ್ರಮ ಉಂಟು, 1936ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಶುರುವಾದದ್ದು. ಮಕ್ಕಳೇ ಎಮ್ಮೆಲ್ಲೆಗಳು, ಮಕ್ಕಳೇ ಸ್ಪೀಕರ್, ಮಕ್ಕಳೇ ಗವರ್ನರ್. ನಮ್ಮ ಶಾಲೆಗಳಲ್ಲಿ ಮಾದರಿ ಸಂಸತ್ತು ಮಾಡ್ತಿದ್ವಲ್ಲ, ಬಾಯಿಪಾಠ ಮಾಡಿದ ಡೈಲಾಗ್ ಹೇಳಿ ವಿರೋಧ ಪಕ್ಷದವರು ಸಭಾತ್ಯಾಗ ಮಾಡಿದ್ರೆ ಚಪ್ಪಾಳೆ, ಹಾಗಲ್ಲ ಇದು. ಇವರು ತಾವೇ ಮಸೂದೆ ಬರೀಬೇಕು, ಕಮಿಟಿಯಲ್ಲಿ ಬೇರೆ ಶಾಲೆಯ ಮಕ್ಕಳು ಕೇಳಿದ ಪ್ರಶ್ನೆಗೆ ಉತ್ತರ ಹೇಳ್ಬೇಕು, ಅಲ್ಲಿ ಬದುಕಿದ್ರೆ ಮುಂದೆ ಹೌಸು ಅಂದ್ರೆ ಕೆಳಮನೆ, ಆಮೇಲೆ ಸೆನೆಟು ಅಂದ್ರೆ ಮೇಲ್ಮನೆ. ದುಡ್ಡು ಎಲ್ಲಿಂದ ಬರ್ತದೆ ಅಂತ ಬರೆಯದಿದ್ರೆ ಯಾರೂ ಬಿಡುವುದಿಲ್ಲ.

ಮಗಳು ಮತ್ತೆ ಅವಳ ಗೆಳತಿ ಸೇರಿ ಬರೆದದ್ದು ಲಾಟರಿ ಬಿಲ್ಲು. ಅಲಬಾಮಾದಲ್ಲಿ ಲಾಟರಿ ಶುರು ಮಾಡುವುದು, ಲಾಭ ಪೂರಾ ಬಡ ಕೌಂಟಿಗಳ ಶಾಲೆಗೆ. ಇಲ್ಲಿ ಶಾಲೆಯ ದುಡ್ಡಿನ ಒಂದು ಪಾಲು ರಾಜ್ಯದ ಇನ್‌ಕಮ್ ಟ್ಯಾಕ್ಸ್, ಸೇಲ್ಸ್ ಟ್ಯಾಕ್ಸಿಂದ ಬರ್ತದೆ, ಇನ್ನೊಂದು ಪಾಲು ಆ ಊರಿನ ಮನೆ ಜಾಗದ ತೆರಿಗೆಯಿಂದ. ಹಾಗಾಗಿ ದೊಡ್ಡ ಮನೆಗಳಿರುವ ಊರಲ್ಲಿ ಶಾಲೆ ಚೆಂದ ಇರ್ತದೆ, ಬ್ಲ್ಯಾಕ್ ಬೆಲ್ಟ್ ಅಂತ ಕಪ್ಪು ಮಣ್ಣಿನ ಬಡ ಜಿಲ್ಲೆಗಳು ಉಂಟು, ಅಲ್ಲಿ ಜಾಗಕ್ಕೆ ಬೆಲೆಯೇ ಇಲ್ಲ, ತೆರಿಗೆ ಎಲ್ಲಿಂದ ಬರ್ಬೇಕು. ಈ ಅನ್ಯಾಯ ಮಗಳ ತಲೆಗೆ ಹೊಕ್ಕಿತ್ತು, ರಾತ್ರಿ ಹನ್ನೊಂದರವರೆಗೆ ಕೂತು ಬರೆದದ್ದೇ ಬರೆದದ್ದು.

ರಾಜ್ಯದ ರಾಜಧಾನಿ ಮಾಂಟ್ಗೊಮೆರಿಗೆ ಹೋದ ಮೊದಲನೇ ದಿನವೇ ಕಮಿಟಿಯಲ್ಲಿ ಬಿಲ್ಲು ಬಿದ್ದು ಹೋಯ್ತು. ಎದುರು ಕೂತ ಒಬ್ಬ ಹುಡುಗ, ರೈತರ ಮನೆಯವನಂತೆ, ಒಂದೇ ಪ್ರಶ್ನೆ ಕೇಳಿದ್ದು, ಸಂವಿಧಾನದ 65ನೇ ಸೆಕ್ಷನ್ ಓದಿದ್ದೀರಾ ಅಂತ. ಅಲಬಾಮಾದ ಸಂವಿಧಾನದಲ್ಲೇ ಲಾಟರಿ ಬೇಡ ಅಂತ ಬರೆದಿಟ್ಟಿದ್ದಾರೆ, ಬರೇ ಬಿಲ್ಲು ಪಾಸ್ ಮಾಡಿದ್ರೆ ಸಾಲದು, ತಿದ್ದುಪಡಿಯೇ ಬೇಕು. ಅದಕ್ಕೆ ಹೌಸಿನ 105ರಲ್ಲಿ 63 ವೋಟು, ಸೆನೆಟಿನ 35ರಲ್ಲಿ 21, ಆಮೇಲೆ ಜನರ ವೋಟು ಬೇರೆ. ಇವಳಿಗೆ ಗೊತ್ತೇ ಇರ್ಲಿಲ್ಲ. ಫೋನ್ ಮಾಡಿ ಅತ್ತಳು. ನಾನು ಸಮಾಧಾನ ಮಾಡ್ಲಿಕ್ಕೆ ಅಂತ ಹುಡುಕಿ ನೋಡಿದ್ರೆ, ದೊಡ್ಡವರ ಕಥೆಯೂ ಇದೇ. 1999ರಲ್ಲಿ ಡಾನ್ ಸೀಗಲ್ಮನ್ ಅಂತ ಗವರ್ನರ್ ಶಾಲೆಗಾಗಿ ಲಾಟರಿ ಅಂತ ಜನರ ಎದುರು ಇಟ್ಟಾಗ ಜನ ಬೇಡ ಅಂದ್ರು. 2024ರಲ್ಲಿ ಮತ್ತೆ ಬಂತು, ಹೌಸಲ್ಲಿ ಪಾಸಾಗಿ ಸೆನೆಟಲ್ಲಿ 20 ವೋಟು ಬಿತ್ತು, 21 ಬೇಕಿತ್ತು. ಒಂದೇ ಒಂದು ವೋಟು! ಇದನ್ನು ಹೇಳಿದ ಮೇಲೆ ಅವಳ ಅಳು ನಿಂತು ಸಿಟ್ಟು ಶುರುವಾಯ್ತು, ಮುಂದಿನ ವರ್ಷಕ್ಕೆ ಸರಿ ಮಾಡಿ ಬರೀತೇನೆ ಅಂತ ಹಟ.

ಈ ಜುಲೈಯಲ್ಲಿ ಕಾಸರಗೋಡಿನ ನಮ್ಮ ಊರು ಬದಿಯಡ್ಕಕ್ಕೆ ಬಂದಾಗ ಲ್ಯಾಪ್‌ಟಾಪಲ್ಲಿ ಆ ಬಿಲ್ಲೂ ಬಂತು. ಜೋರು ಮಳೆ, ಕರೆಂಟು ಹೋಗಿ ಬಂದು ಮಾಡ್ತಿತ್ತು, ಜಗಲಿಯಲ್ಲಿ ಕೂತು ಬರೀತಿದ್ಲು. ನನ್ನ ಅಪ್ಪ ಎಯ್ಡೆಡ್ ಶಾಲೆಯಲ್ಲಿ ಹೆಡ್‌ಮಾಷ್ಟ್ರಾಗಿ ರಿಟೈರ್ ಆದವರು, ಈಗ 82. "ಎಂತ ಬರೀತಿದ್ದಿ ಪುಳ್ಳಿ" ಅಂತ ಮೊಮ್ಮಗಳನ್ನು ಕೇಳಿದವರು ಪ್ರಿಂಟ್ ತೆಗೆಸಿ ತರ್ಲಿಕ್ಕೆ ನನ್ನನ್ನು ಪೇಟೆಗೆ ಓಡಿಸಿದ್ರು. ತಂದು ಕೊಟ್ಟ ಕೂಡ್ಲೇ ಕೆಂಪು ಪೆನ್ನು ಹೊರಗೆ ಬಂತು. ರಿಟೈರಾಗಿ 27 ವರ್ಷ ಆಯ್ತು, ಪೆನ್ನು ಮಾತ್ರ ರಿಟೈರ್ ಆಗ್ಲಿಲ್ಲ.

ಮೊದಲು ಗುರುತು ಹಾಕಿದ್ದು ಇಂಗ್ಲಿಷಿನ "ಮೇ" ಅನ್ನುವ ಶಬ್ದಕ್ಕೆ. ರಾಜ್ಯ ಈ ದುಡ್ಡನ್ನು ಶಾಲೆಗಳಿಗೆ ಕೊಡಬಹುದು ಅಂತ ಇವಳು ಬರೆದಿದ್ಲು. "ಕೊಡಬಹುದು ಅಂತ ಬರೆದ್ರೆ ಯಾವ ಸರ್ಕಾರವೂ ಕೊಡುವುದಿಲ್ಲ ಪುಳ್ಳಿ, ಕೊಡತಕ್ಕದ್ದು ಅಂತ ಬರಿ" ಅಂದ್ರು. ತಕ್ಕದ್ದು ಅಂದ್ರೆ ಎಂತ ಅಂತ ಇವಳಿಗೆ ಅರ್ಥ ಆಗ್ಲಿಲ್ಲ. ಅಪ್ಪ ಒಳಗೆ ಹೋಗಿ ಹಳೆಯ ಫೈಲಿಂದ ಒಂದು ಸರ್ಕಾರಿ ಸುತ್ತೋಲೆ ತಂದು ತೋರಿಸಿದ್ರು, ಹಾಜರಾಗತಕ್ಕದ್ದು, ಸಲ್ಲಿಸತಕ್ಕದ್ದು, ಪಾವತಿಸತಕ್ಕದ್ದು. ಇಂಗ್ಲಿಷಿನ "ಶಲ್" ಅದೇ ಅಂತ ಹೊಳೆದ ಮೇಲೆ ಇವಳು ಎರಡು ದಿನ ಮನೆಯಲ್ಲಿ ಎಲ್ಲರಿಗೂ ಚಾ ಕೊಡತಕ್ಕದ್ದು, ವೈಫೈ ಸರಿ ಮಾಡತಕ್ಕದ್ದು ಅಂತ ತಿರುಗಿದ್ದೇ ತಿರುಗಿದ್ದು.

ಎರಡನೇ ಗುರುತು ಇನ್ನೂ ದೊಡ್ಡದು. ಲಾಟರಿ ದುಡ್ಡು ಶಾಲೆಗೆ ಅಂತ ಬರೆದ ಸಾಲಿನ ಪಕ್ಕ ಅಪ್ಪ ಬರೆದದ್ದು "ಹಳೇ ದುಡ್ಡು?" ಅಂತ ಎರಡೇ ಶಬ್ದ. ಆಮೇಲೆ ಕಥೆ ಹೇಳಿದ್ರು. ಅವರ ಶಾಲೆಯ ಮಾಡು ಸೋರಿದಾಗ ಪಿಟಿಎಯವರು, ಅಂದ್ರೆ ಹೆತ್ತವರ-ಮಾಷ್ಟ್ರುಗಳ ಸಂಘದವರು, ಮನೆ ಮನೆ ತಿರುಗಿ ದುಡ್ಡು ಮಾಡಿ ಹೆಂಚು ಹಾಕಿಸಿದ್ರಂತೆ, ಮರುವರ್ಷದಿಂದ ಶಾಲೆ ನಡೆಸುವ ಆಗಿನ ಮ್ಯಾನೇಜರು ರಿಪೇರಿಗೆ ಕೊಡುವುದನ್ನೇ ನಿಲ್ಲಿಸಿದ್ರು, ಪಿಟಿಎ ಉಂಟಲ್ಲ ಅಂತ. ಹೆಂಚು ಹೊಸತು, ದುಡ್ಡು ಅಷ್ಟೇ. ಲಾಟರಿಯಲ್ಲೂ ಇದೇ ತಕರಾರು ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಇರುವುದು: ಒಂದು ಕೈಯಲ್ಲಿ ಲಾಟರಿ ದುಡ್ಡು ಹಾಕುವುದು, ಇನ್ನೊಂದು ಕೈಯಲ್ಲಿ ಬಜೆಟಿನ ದುಡ್ಡು ತೆಗೆಯುವುದು. ಕ್ಯಾಲಿಫೋರ್ನಿಯದಲ್ಲಿ 1984ರಲ್ಲಿ ಶಾಲೆಗಾಗಿ ಅಂತ ಜನ ವೋಟು ಹಾಕಿ ತಂದ ಲಾಟರಿ, ಶಾಲೆಗಳ ಖರ್ಚಿನಲ್ಲಿ ಅದರ ಪಾಲು ಶೇಕಡಾ 1ರ ಆಸುಪಾಸು. ಟಿಕೆಟಿನ ದುಡ್ಡಲ್ಲಿ ಅರ್ಧಕ್ಕಿಂತ ಹೆಚ್ಚು ಬಹುಮಾನಕ್ಕೇ ಹೋಗ್ತದಲ್ಲ, ಕೇರಳದಲ್ಲೂ ಹಾಗೆಯೇ.

ಜಾರ್ಜಿಯದ ಕಥೆ ನಾನೇ ಹೇಳಿದೆ. ಅಲ್ಲಿ 1993ರಿಂದ ಲಾಟರಿ ದುಡ್ಡಲ್ಲಿ ಹೋಪ್ ಅಂತ ಸ್ಕಾಲರ್‌ಶಿಪ್, ಒಳ್ಳೆ ಮಾರ್ಕು ಇದ್ರೆ ಕಾಲೇಜು ಫೀಸಿಗೆ. ಅಟ್ಲಾಂಟದಲ್ಲಿರುವ ನನ್ನ ಫ್ರೆಂಡು, ಪುತ್ತೂರಿನವ, ಜೀವಮಾನದಲ್ಲಿ ಒಂದು ಟಿಕೆಟ್ ತಗೊಂಡವನಲ್ಲ, ಮಗನ ಫೀಸು ಮಾತ್ರ ಲಾಟರಿಯದ್ದು. ಟಿಕೆಟ್ ತಗೊಳ್ಳುವುದು ಯಾರೋ, ಓದುವುದು ಇನ್ಯಾರೋ. ಸ್ವಂತ ಮಗಳ ಎದುರು ಹೇಳ್ಲಿಕ್ಕೆ ಸ್ವಲ್ಪ ಮುಜುಗರವೇ ಆಯ್ತು, ನಾವು ಜಾರ್ಜಿಯದಲ್ಲಿದ್ರೆ ನಾನೂ ಕೈ ಒಡ್ಡುತ್ತಿದ್ದೆನಲ್ಲ.

ಟಿಕೆಟ್ ತಗೊಳ್ಳುವವರನ್ನೇ ಕೇಳುವ ಅಂತ ಮಗಳು ಹಿಡಿದದ್ದು ನಮ್ಮ ತೋಟದ ಕೆಲಸಕ್ಕೆ ಬರುವ ಅಣ್ಣನನ್ನು. ಅವರು ದಿನಾ 50 ರೂಪಾಯಿಯ ಒಂದು ಟಿಕೆಟ್, ಮಧ್ಯಾಹ್ನ ಮೂರು ಗಂಟೆಗೆ ಡ್ರಾ, ಆಗ ಎಲ್ಲಿದ್ರೂ ಫೋನ್ ತೆಗೀಲೇಬೇಕು. ವರ್ಷಕ್ಕೆ 15,000ದ ಮೇಲೆ ಆಯ್ತಲ್ಲ ಅಂತ ಇವಳು ಲೆಕ್ಕ ಹಾಕಿ ಹೇಳಿದ್ರೆ ಅವರು ತುಳುವಲ್ಲಿ ನಕ್ಕು ಹೇಳಿದ್ದನ್ನು ನಾನು ಕನ್ನಡ ಮಾಡಿ ಹೇಳ್ಬೇಕಾಯ್ತು: ಬೀಡಿ ಬಿಟ್ಟು ನಾಲ್ಕು ವರ್ಷ ಆಯ್ತು ಮಗಾ, ಇದು ಆ ದುಡ್ಡು. ಹೊಡೆದದ್ದು ಎಷ್ಟು? ಒಮ್ಮೆ ಸಾವಿರ. ನಿಮ್ಮ ಟಿಕೆಟಿನ ದುಡ್ಡು ಶಾಲೆಗೆ ಹೋಗ್ತದೆ ಅಂದ್ರೆ ಎರಡು ತಗೊಳ್ತೀರಾ ಅಂತ ಕೇಳಿದ್ದಕ್ಕೆ, ಶಾಲೆಗೆ ಕೊಡುವುದಾದ್ರೆ ಶಾಲೆಗೇ ಕೊಡ್ತೇನಲ್ಲ, ಟಿಕೆಟ್ ಯಾಕೆ ಅಂದ್ರು.

ಅಪ್ಪನಿಗೆ ಲಾಟರಿ ಮೇಲೆ ಕೋಪ ಏನೂ ಇಲ್ಲ. ಕೇರಳ ಸರ್ಕಾರದ ಲಾಟರಿ ಶುರುವಾದದ್ದು 1967ರಲ್ಲಿ, ಮೊದಲ ಡ್ರಾ 1968ರ ಜನವರಿ 26ಕ್ಕೆ, ಟಿಕೆಟಿಗೆ ಒಂದು ರೂಪಾಯಿ, ಮೊದಲ ಬಹುಮಾನ 50,000. ಆ ಒಂದು ರೂಪಾಯಿಯ ಟಿಕೆಟ್ ಅವರೂ ತಗೊಂಡಿದ್ರಂತೆ, ಹೊಸ ಮಾಷ್ಟ್ರು ಆಗ. ಕೇರಳದ ಹಣಕಾಸು ಮಂತ್ರಿಯಾಗಿದ್ದ ಕೆ.ಎಂ. ಮಾಣಿಯವರು 2011ರಲ್ಲಿ ಕಾರುಣ್ಯ ಲಾಟರಿ ತಂದು ಬಡವರ ಚಿಕಿತ್ಸೆಗೆ ಕೊಟ್ಟದ್ದನ್ನೂ ಹೊಗಳ್ತಾರೆ. ಅವರ ಬೇಜಾರು ಬೇರೆ. "ದುಡ್ಡು ಬಂದು ಎಂತ ಮಾಡುವುದು, ಕನ್ನಡ ಮೀಡಿಯಂ ಮಕ್ಕಳಿಗೆ ಕನ್ನಡ ಬಾರದ ಮಾಷ್ಟ್ರನ್ನು ಹಾಕಿದ್ರೆ?" ಅಂದ್ರು. ಅದಕ್ಕೆ ಯಾವ ಸೆಕ್ಷನ್ ಅಂತ ಮಗಳು ಕೇಳಿದ್ಲು. ಅಪ್ಪ ಹೊರಗೆ ಮಳೆ ನೋಡ್ತಾ ಕೂತ್ರು.

ನಾವು ಹೊರಡುವಷ್ಟರಲ್ಲಿ ಹೊಸ ಡ್ರಾಫ್ಟ್ ಆಯ್ತು. ತಲೆಬರಹದಲ್ಲೇ ಸಂವಿಧಾನ ತಿದ್ದುಪಡಿ ಅಂತ ಉಂಟು. ಲಾಟರಿ ಶುರುವಾಗುವ ಹಿಂದಿನ ವರ್ಷ ಶಾಲೆಗಳಿಗೆ ಎಷ್ಟು ಕೊಡ್ತಿದ್ರೋ ಅದಕ್ಕಿಂತ ಒಂದು ಸೆಂಟ್ ಕಮ್ಮಿ ಮಾಡತಕ್ಕದ್ದಲ್ಲ, ಕಮ್ಮಿ ಮಾಡಿದ ವರ್ಷ ಟಿಕೆಟ್ ಮಾರಾಟ ನಿಲ್ಲಿಸತಕ್ಕದ್ದು ಅಂತ ಒಂದು ಕಲಮು ಉಂಟು, ಅದು ಅಪ್ಪನದ್ದೇ. ಆರ್ಡ್‌ಮೋರಿಗೆ ಹೋಗುವ ದುಡ್ಡು ಈಚೆಗೇ ಉಳೀತದೆ ಅಂತ ಒಂದು ಪ್ಯಾರಾ ಇವಳೇ ಸೇರಿಸಿದ್ಲು, ತಲಪಾಡಿಯ ಹೆಸರು ಹಾಕ್ಲಾ ಅಂತಲೂ ಕೇಳಿದ್ಲು, ಮಾಂಟ್ಗೊಮೆರಿಯಲ್ಲಿ ಯಾರಿಗೆ ಗೊತ್ತಾಗ್ತದೆ ಅಂತ ಬಿಡಿಸಿದೆ.

ಹಂಟ್ಸ್‌ವಿಲ್‌ಗೆ ಬಂದು ವಾರ ಆಗ್ಲಿಲ್ಲ, ಅಪ್ಪನ ವಾಟ್ಸಾಪ್. ಡ್ರಾಫ್ಟಿನ ಮೂರನೇ ಪುಟದ ಫೋಟೋ, ಸ್ವಲ್ಪ ಓರೆಯಾಗಿ, ಮೂಲೆಯಲ್ಲಿ ಚಾದ ಲೋಟ. ನಡುವಿನಲ್ಲಿ ಕೆಂಪು ಸುತ್ತು. ಒಂದು "ಮೇ" ಇನ್ನೂ ಉಳಿದಿತ್ತು.