ಕೊಳೆ ಬೇರೆ, ಬೂಷ್ಟು ಬೇರೆ

ತೀರ್ಥಹಳ್ಳಿಯ ಕಡೆ ಆಷಾಢದ ಮಳೆ ಬಿಡದೆ ಹಿಡಿದರೆ ಎರಡು ದೂರುಗಳು ಒಟ್ಟಿಗೇ ಕೇಳಿಬರುತ್ತವೆ: ತೋಟಕ್ಕೆ ಕೊಳೆ ಬಂತು, ಅಟ್ಟದ ಅಡಿಕೆಗೆ ಬೂಷ್ಟು ಹಿಡಿಯಿತು. ಎರಡೂ ಬೆಳ್ಳಗೆ ನೂಲುನೂಲಾಗಿ ಕಾಣುವುದರಿಂದ ಓದಿದವರು ಎರಡನ್ನೂ ಶಿಲೀಂಧ್ರವೆಂದು ಕರೆದು ಮುಗಿಸುತ್ತಾರೆ. ತೋಟದವರು ಮಾತ್ರ ಈ ಪದಗಳನ್ನು ಅದಲುಬದಲು ಮಾಡುವುದಿಲ್ಲ. ನನ್ನ ಮಟ್ಟಿಗೆ ಅವರ ವಿಂಗಡಣೆಯೇ ಹೆಚ್ಚು ಸರಿ.

ಕೊಳೆ ತಗುಲಿದ ಹಸಿ ಅಡಿಕೆಯನ್ನು ಕೈಗೆತ್ತಿಕೊಂಡು ನೋಡಬೇಕು. ತೊಟ್ಟಿನ ಬಳಿ ನೀರಿನಲ್ಲಿ ನೆನೆದಂತಹ ಕಡುಹಸಿರು ಕಲೆ ಮೂಡಿ, ಕಾಯಿಯ ಹೊಳಪು ಹೋಗಿ, ಅದು ಉದುರಿ ನೆಲದಲ್ಲಿ ಬಿದ್ದ ಮೇಲೆ ಬಿಳಿಯ ಹೊದಿಕೆ ದಟ್ಟವಾಗುತ್ತದೆ. ಇದಕ್ಕೆ ಕಾರಣವಾದ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ ನಿಜವಾದ ಶಿಲೀಂಧ್ರವೇ ಅಲ್ಲ. ಅದರ ಕೋಶಭಿತ್ತಿಯಲ್ಲಿ ಮುಖ್ಯವಾಗಿರುವುದು ಶಿಲೀಂಧ್ರಗಳಲ್ಲಿರುವ ಕೈಟಿನ್ ಅಲ್ಲ, ಸೆಲ್ಯುಲೋಸ್. ಅದರ ಬೀಜಕಣಗಳು ಬಾಲವಿದ್ದು ನೀರಿನಲ್ಲಿ ಈಜುತ್ತವೆ. ವಂಶದಲ್ಲಿ ಅದು ಅಣಬೆಗಿಂತ ಸಮುದ್ರದ ಕಂದು ಪಾಚಿಗೆ ಹತ್ತಿರ. ಗೊನೆಯ ಮೇಲೆ ನೀರು ನಿಂತಷ್ಟು ಕಾಲವೂ ಅದಕ್ಕೆ ಸುಗ್ಗಿಯೇ. ಹಿಂದಿನವರು ಗೊನೆಗಳಿಗೆ ಹೊದಿಕೆಯಾಗಿ ಕೊಟ್ಟೆ ಕಟ್ಟುತ್ತಿದ್ದುದು ಮಳೆನೀರನ್ನು ತಡೆಯಲೆಂದೇ. 1910ರಲ್ಲಿ ಮೈಸೂರು ಸಂಸ್ಥಾನದ ಶಿಲೀಂಧ್ರತಜ್ಞ ಲೆಸ್ಲಿ ಕೋಲ್ಮನ್ ಈ ರೋಗದ ಕುರಿತು ಇಂಗ್ಲಿಷಿನಲ್ಲಿ ವರದಿ ಪ್ರಕಟಿಸಿದಾಗಲೂ 'ಕೊಳೆರೋಗ' ಎಂಬ ನಮ್ಮ ಹೆಸರನ್ನೇ ಉಳಿಸಿಕೊಂಡರು. ಇಂದಿಗೂ ಮದ್ದು ಬೋರ್ಡೋ ದ್ರಾವಣವೇ: 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮಳೆಗಾಲಕ್ಕೆ ಮುನ್ನ ಒಮ್ಮೆ, 40–45 ದಿನಗಳ ನಂತರ ಮತ್ತೊಮ್ಮೆ ಹೊಡೆಯಬೇಕು. ಮರ ಹತ್ತುವ ಗೊನೆಗಾರ ಸಿಗುವುದು, ಮಳೆ ಅರ್ಧ ದಿನ ಹೊಳವಾಗುವುದು ಒಂದೇ ದಿನ ಕೂಡಿಬರಬೇಕು ಎಂಬುದು ಬೇರೆ ಮಾತು.

ಬೂಷ್ಟಿನ ಸಂಗತಿ ಹೀಗಲ್ಲ. ಅದು ಆಸ್ಪರ್‌ಜಿಲ್ಲಸ್, ಪೆನಿಸಿಲಿಯಂ ಮುಂತಾದ ನಿಜವಾದ ಶಿಲೀಂಧ್ರಗಳ ಕೆಲಸ. ಅದಕ್ಕೆ ಹರಿಯುವ ನೀರು ಬೇಡ, ಗಾಳಿಯ ಥಂಡಿಯೇ ಸಾಕು. ಆದ್ದರಿಂದಲೇ ಚರ್ಮದ ಬೆಲ್ಟಿಗೂ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಬಟ್ಟೆಗೂ ಹಿಡಿಯುತ್ತದೆ. ಬೆಲ್ಟನ್ನು ಒರೆಸಿದರೆ ಹೋಗುತ್ತದೆ, ಅಡಿಕೆಯಲ್ಲಿ ಒಳಗಿಳಿದಿದ್ದರೆ ಹೋಗುವುದಿಲ್ಲ. ಕೆಲವು ಆಸ್ಪರ್‌ಜಿಲ್ಲಸ್‌ಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನೂ ಬಿಡುತ್ತವೆ, ಹಾಗಾಗಿ ಮೇಲೆ ಒರೆಸಿ ಚೀಲ ತುಂಬುವ ಜಾಣತನ ನನಗೆ ಹಿಡಿಸದು. ಅಟ್ಟದಲ್ಲಿ ಮೈಲುತುತ್ತಕ್ಕೆ ಕೆಲಸವಿಲ್ಲ. ಅಡಿಕೆ ಚೆನ್ನಾಗಿ ಒಣಗಿರಬೇಕು, ಚೀಲ ನೆಲಕ್ಕೂ ಗೋಡೆಗೂ ತಾಗದೆ ಹಲಗೆಯ ಮೇಲಿರಬೇಕು. ಮಂಡಿಯಲ್ಲಿ ಅಡಿಕೆಯನ್ನು ಕತ್ತರಿಸಿ ಒಳಗನ್ನು ನೋಡಿಯೇ ಬೆಲೆ ಹೇಳುವವರಿಗೆ ಇದು ಚೆನ್ನಾಗಿ ಗೊತ್ತು.