ಇವತ್ತಿನ ಬಾಕಿ

ನಮ್ಮ ಕಾಲದಲ್ಲಿ ಹಾಸ್ಟೆಲಿನ ಗಂಟೆ ಹೊಡೆಯುತ್ತಿದ್ದದ್ದು ಬೆಳಿಗ್ಗೆ ಐದೂವರೆಗೆ. ಆರಕ್ಕೆ ಪ್ರಾರ್ಥನೆ. ಜರ್ಮನ್ ರಾಗದ ಕನ್ನಡ ಕೀರ್ತನೆಯನ್ನು ಅರೆನಿದ್ದೆಯಲ್ಲಿ ಎಳೆದು ಹಾಡಿ, ಒಂದು ಅಧ್ಯಾಯ ಓದಿ ಮುಗಿಸಿದ ಮೇಲೆ ವಾರ್ಡನ್ ಮಾಸ್ಟ್ರು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಇವತ್ತು ಯಾರಿಗೆ ಎಂತ ಬಾಕಿ ಉಂಟು?"

ಬಾಕಿ ಎಂದರೆ ದುಡ್ಡು ಮಾತ್ರ ಅಲ್ಲ. ಎರವಲು ತಂದ ಕಂಪಾಸ್ ಪೆಟ್ಟಿಗೆ, ಊರಿಗೆ ಬರೆಯದೆ ಉಳಿದ ಕಾಗದ, ನಿನ್ನೆ ಬೈದವನ ಹತ್ತಿರ ಕೇಳದ ಕ್ಷಮೆ, ತಪ್ಪಿಸಿಕೊಂಡ ಬಟ್ಟಲು ತೊಳೆಯುವ ಸರದಿ. ಪ್ರತಿಯೊಬ್ಬನೂ ಮನಸ್ಸಿನಲ್ಲೇ ಒಂದನ್ನು ಆರಿಸಿಕೊಳ್ಳಬೇಕು. ಆಮೇಲೆ ಗಂಜಿ, ಚಟ್ನಿ. ದೇವರ ನಡೆಸುವಿಕೆಯ ಬಗ್ಗೆ ಅವರು ಮಾಡುತ್ತಿದ್ದ ಪ್ರಸಂಗ ಅಷ್ಟೇ. ನಮಗೆ ಅದು ಪ್ರಸಂಗ ಅಂತ ಅನ್ನಿಸಿಯೇ ಇರಲಿಲ್ಲ ಬಿಡಿ.

ನಮಗೆ ಬೇಕಾಗಿದ್ದದ್ದು ದೇವರ ಸೂಚನೆ. ಹೊಸ ವರ್ಷದ ರಾತ್ರಿ ಆರಾಧನೆಯಲ್ಲಿ ಬೈಬಲ್ ವಚನ ಬರೆದ ವಾಗ್ದಾನದ ಕಾರ್ಡು ಎತ್ತುವಾಗ ಎದೆ ಡವಡವ. ಒಳ್ಳೆಯ ವಚನ ಬಂದರೆ ವರ್ಷವೆಲ್ಲ ಗೆದ್ದ ಹಾಗೆ, ಶಿಕ್ಷೆಯ ವಚನ ಬಂದರೆ ಪಕ್ಕದವನ ಜೊತೆ ಗುಟ್ಟಾಗಿ ಅದಲುಬದಲು. ನಾನು ಒಮ್ಮೆ ಎರಡು ಸಲ ಎತ್ತಿ ಸಿಕ್ಕಿಬಿದ್ದೆ. ಮಾಸ್ಟ್ರು ಬೈಯಲಿಲ್ಲ. "ಲಾಟರಿ ಟಿಕೇಟಿಗೆ ಆದರೂ ದುಡ್ಡು ಕೊಡ್ಬೇಕು ಮಾರಾಯ" ಅಂದರು.

ಅದೇ ಬುದ್ಧಿ ಪಿಯುಸಿ ಮುಗಿದ ಮೇಲೂ ಬಿಡಲಿಲ್ಲ. ಮುಂಬೈಯಲ್ಲಿದ್ದ ಸಂಬಂಧಿಕರೊಬ್ಬರು ಕೆಲಸ ಕೊಡಿಸುತ್ತೇನೆ ಎಂದಿದ್ದರು. ಇತ್ತ ಶಿಕ್ಷಕರ ತರಬೇತಿಗೂ ಸೀಟು ಸಿಗುವಂತಿತ್ತು. ಅಪ್ಪ ದುಡಿಯುತ್ತಿದ್ದ ಹಂಚಿನ ಕಾರ್ಖಾನೆಯಲ್ಲಿ ವಾರಕ್ಕೆ ಮೂರು ದಿನ ಮಾತ್ರ ಕೆಲಸ. ತಾರಸಿ ಮನೆಗಳು ಎದ್ದ ಮೇಲೆ ಹಂಚು ಯಾರಿಗೆ ಬೇಕು? ಬೈಬಲಿನಲ್ಲಿ ಸೂಚನೆ ಬೇಡಿ ಉಣ್ಣೆ ಹಾಸಿದ ಗಿದ್ಯೋನನ ಹಾಗೆ ನಾನೂ ದೇವರ ಮುಂದೆ ಕುರಿಯುಣ್ಣೆ ಹಾಸಿದೆ: ಶುಕ್ರವಾರದೊಳಗೆ ಮುಂಬೈಯ ಕಾಗದ ಬಂದರೆ ಹೋಗುತ್ತೇನೆ. ಗುರುವಾರವೇ ಬಂತು!

ಕುಣಿಯುತ್ತಾ ಹೋಗಿ ಹೇಳಿದೆ. ಮಾಸ್ಟ್ರು ಕನ್ನಡಕ ತೆಗೆದು ಒರೆಸಿದರು. "ನ್ಯಾಯಸ್ಥಾಪಕರು ಆರನೆಯ ಅಧ್ಯಾಯ ಪೂರ್ತಿ ಓದಿದ್ದೀಯಾ? ಉಣ್ಣೆ ಹಾಸುವ ಮೊದಲೇ ದೇವರು ಅವನಿಗೆ 'ಹೋಗು' ಅಂತ ಹೇಳಿ ಆಗಿತ್ತು. ಉಣ್ಣೆ ಹಾಸಿದ್ದು ದಾರಿ ಗೊತ್ತಿಲ್ಲದೆ ಅಲ್ಲ, ಧೈರ್ಯ ಸಾಲದೆ. ನಿನಗೆ ಎಂತ ಹೇಳಿ ಆಗಿದೆ?" ನನ್ನಲ್ಲಿ ಉತ್ತರ ಇರಲಿಲ್ಲ. ನಿಜ ಹೇಳಬೇಕೆಂದರೆ ಇತ್ತು. ಅಪ್ಪನ ಜೊತೆ ಕೂತು ಮಾತಾಡಬೇಕಿತ್ತು, ಅದನ್ನು ತಪ್ಪಿಸಲಿಕ್ಕೇ ಕಾಗದ ಕಾಯುತ್ತಿದ್ದೆ.

ಅಪ್ಪನ ಅಜ್ಜ ಮೂರ್ತೆಯ ಕೆಲಸದವರು. ಕ್ರೈಸ್ತರಾಗಿ ದೀಕ್ಷಾಸ್ನಾನ ತೆಗೆದುಕೊಂಡ ಮೇಲೆ ಸೇಂದಿ ಇಳಿಸುವಂತಿಲ್ಲ. ಗೇಣಿ ಭೂಮಿಯೂ ಕೈಬಿಟ್ಟಿತು. ಅಂಥವರಿಗೆ ಹೊಟ್ಟೆಪಾಡು ಬೇಕೆಂದೇ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಮೊದಲು ಮಗ್ಗ ಹಾಕಿತು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಮುತ್ತಜ್ಜ ಅಲ್ಲಿ ಆವೆಮಣ್ಣು ತುಳಿದರು. ಅವರಿಗೆ ಯಾವ ಸೂಚನೆ ಬಂದಿತ್ತೋ ಮನೆಯಲ್ಲಿ ಯಾರೂ ಹೇಳಿದ್ದಿಲ್ಲ. ಮಣ್ಣು ತುಳಿಯಲು ಹೋದದ್ದನ್ನು ಮಾತ್ರ ಎಲ್ಲರೂ ಹೇಳುತ್ತಾರೆ.

ಅಕ್ಟೋಬರದ ಒಂದು ಸಂಜೆ ಮುಂಬೈ ಬಸ್ಸು ಹತ್ತಿದೆ. ಕಳುಹಿಸಲು ಬಂದ ಮಾಸ್ಟ್ರ ಕೈಯಲ್ಲಿ ಕೊಡೆ ಇರಲಿಲ್ಲ, ಮಳೆ ಜೋರಾಗಿತ್ತು. ಕಿಟಕಿಯಿಂದ ನನ್ನದನ್ನೇ ಕೊಟ್ಟೆ.

ಮುಂಬೈ ಎಂಟು ತಿಂಗಳು. ಹೇಳುವಂಥದ್ದೇನಿಲ್ಲ: ಒಂದು ಗೋದಾಮಿನ ಲೆಕ್ಕಪುಸ್ತಕ, ಹನ್ನೊಂದು ಜನ ಮಲಗುವ ಕೋಣೆ, ಒಂದು ಟೈಫಾಯ್ಡ್. ದೇವರು ತಪ್ಪು ಕಳುಹಿಸಿದ ಎಂದು ಅಲ್ಲಿ ತುಂಬ ಸಲ ಗೊಣಗಿದ್ದೇನೆ. ಮರುಭೂಮಿಯಲ್ಲಿ ಇಸ್ರಾಯೇಲ್ಯರು ದೇವರು ಆಯಾ ದಿನಕ್ಕೆಂದು ಕೊಟ್ಟ ಆಹಾರವಾದ ಮನ್ನವನ್ನು ನಾಳೆಗೆಂದು ಕೂಡಿಟ್ಟಾಗ ಹುಳಬಿತ್ತು ಎಂಬ ಕತೆ ನೆನಪಾದದ್ದೂ ಅಲ್ಲೇ. ನಾನಂತೂ ಹತ್ತು ವರ್ಷದ ಮನ್ನವನ್ನು ಒಂದು ಕಾಗದದಲ್ಲಿ ಕೇಳಿದ್ದೆ. ಆಮೇಲೆ ತರಬೇತಿ ಮುಗಿಸಿ ಮೂವತ್ತೆರಡು ವರ್ಷ ಮಕ್ಕಳಿಗೆ ಗಣಿತ ಹೇಳಿದೆ. ಅದು ದೇವರ ಚಿತ್ತವೋ, ಬೇರೆ ದಾರಿ ಇಲ್ಲದ್ದಕ್ಕೆ ಹಿಡಿದದ್ದೋ, ಈಗಲೂ ಖಚಿತವಾಗಿ ಹೇಳಲಾರೆ. ಬೆಳಗಿನ ಬಾಕಿಯ ಪ್ರಶ್ನೆ ಮಾತ್ರ ಬಿಟ್ಟಿಲ್ಲ.

ಆ ಜೂನ್ ಮೊದಲ ವಾರ ಮುಂಬೈಯಿಂದ ಊರಿಗೆ ವಾಪಸು ಬಂದವನು ಮನೆಗೆ ಹೋಗಲು ನಾಚಿ ನೇರ ಹಾಸ್ಟೆಲಿಗೆ ಬಂದಿದ್ದೆ. ಮಾಸ್ಟ್ರು ಬಾಗಿಲಲ್ಲೇ ಇದ್ದರು. ಮುಂಬೈಯ ಸುದ್ದಿ ಕೇಳಲಿಲ್ಲ. ಒಳಗೆ ಹೋಗಿ ನನ್ನ ಕೊಡೆ ತಂದು ಕೈಗಿಟ್ಟರು. ಮುರಿದಿದ್ದ ಕಡ್ಡಿಯೊಂದನ್ನು ರಿಪೇರಿ ಮಾಡಿಸಿದ್ದರು.

"ನನ್ನ ಬಾಕಿ ಮುಗಿಯಿತು. ನಿನ್ನದು?"

"ಅಪ್ಪನಿಗೆ ಇನ್ನೂ ಹೇಳಿಲ್ಲ ಸರ್."

ಅವರು ಪಡುವಣ ಆಕಾಶ ನೋಡಿದರು. "ಮಳೆ ಬರ್ತದೆ. ಬೇಗ ಹೊರಡು."